ಲಂಡನ್–ಪ್ಯಾರಿಸ್: ದೂರವೆಷ್ಟು, ಹೊತ್ತೆಷ್ಟು?

ಲಂಡನ್ನಿನಲ್ಲಿ ನೆಲೆಸಿರುವ ನನ್ನ ಅಣ್ಣನ ಮಗಳು ಕಳೆದ ತಿಂಗಳು ದೂರವಾಣಿಯಲ್ಲಿ ಮಾತನಾಡುತ್ತ, ರಜೆಗೆ ಪ್ಯಾರಿಸ್ಸಿಗೆ ಹೋಗಿಬರುವ ವಿಚಾರ ತಿಳಿಸಿದಳು. ನಡುವೆ ಅವಳ ಹನ್ನೊಂದು ವರ್ಷದ ಮಗ ಫೋನನ್ನು ಕಿತ್ತುಕೊಂಡು ಒಂದು ಪ್ರಶ್ನೆ ಹಾಕಿದ. "ತಾತ, ನಮ್ಮ ವಿಮಾನ ಬೆಳಿಗ್ಗೆ ಹತ್ತಕ್ಕೆ ಲಂಡನ್ ಬಿಟ್ಟು ಹನ್ನೆರಡೂಕಾಲಿಗೆ ಪ್ಯಾರಿಸ್ ತಲುಪುತ್ತದಂತೆ. ಬರುವಾಗ ಸಂಜೆ ಆರಕ್ಕೆ ಬಿಟ್ಟು ಆರೂಕಾಲಿಗೇ ಲಂಡನ್ನಿನಲ್ಲಿ ಇರುತ್ತದಂತೆ. ಹೋಗುವಾಗ ಎರಡೂಕಾಲು ಗಂಟೆ, ಬರುವಾಗ ಬರೀ ಕಾಲು ಗಂಟೆಯೇ? ಗಾಳಿ ಹಿಂದಿನಿಂದ ನೂಕುತ್ತದೆಯೇ?"

ಗಾಳಿಯ ಮಾತು ಅವನೇ ಯೋಚಿಸಿ ಕಂಡುಕೊಂಡದ್ದು, ಮೆಚ್ಚಬೇಕಾದದ್ದೇ. ಆದರೆ ಆ ಪ್ರದೇಶದಲ್ಲಿ ಹೆಚ್ಚಾಗಿ ಬೀಸುವುದು ಪಡುವಣ ಗಾಳಿ. ಅದು ನೂಕುವುದಿದ್ದರೆ ಪ್ಯಾರಿಸ್ಸಿನ ಕಡೆಗೇ ನೂಕಬೇಕು. "ಎರಡೂ ಕಡೆಗೆ ಹಿಡಿಯುವುದು ಒಂದೂಕಾಲು ಗಂಟೆಯೇ ಮಗು, ಪ್ಯಾರಿಸ್ಸಿನ ಗಡಿಯಾರ ಲಂಡನ್ನಿನದಕ್ಕಿಂತ ಒಂದು ಗಂಟೆ ಮುಂದಿದೆ, ಅಷ್ಟೆ" ಎಂದು ಉತ್ತರಿಸಿದೆ. "ಯಾಕೆ ಮುಂದಿದೆ?" ಎಂದ. ಆ 'ಯಾಕೆ' ನನ್ನನ್ನು ಸುಮಾರು ಮೂವತ್ತು ವರ್ಷ ಹಿಂದಕ್ಕೆ, ಒಂಬತ್ತನೆಯ ತರಗತಿಯ ಒಂದು ಕೊಠಡಿಗೆ ಕರೆದೊಯ್ದಿತು.

ಅಂದು ನಾನೊಂದು ಕಿರುಪರೀಕ್ಷೆ ಕೊಟ್ಟಿದ್ದೆ. "ಲಂಡನ್ನಿನಲ್ಲಿ ಮಧ್ಯಾಹ್ನ 12 ಗಂಟೆಯಾದಾಗ ಪ್ಯಾರಿಸ್ಸಿನಲ್ಲಿ ಎಷ್ಟು ಗಂಟೆ?" ಎಂಬುದು ಅದರಲ್ಲಿ ಒಂದು ಪ್ರಶ್ನೆ. ನನ್ನ ಮನಸ್ಸಿನಲ್ಲಿದ್ದ ಉತ್ತರ ಒಂದು ಗಂಟೆ. ಹಿಂದಿನ ಬೆಂಚಿನ ಹುಡುಗನೊಬ್ಬ ಮಾತ್ರ ಅಟ್ಲಾಸಿನ ಅನುಕ್ರಮಣಿಕೆಯಲ್ಲಿ ಪ್ಯಾರಿಸ್ಸಿನ ರೇಖಾಂಶವನ್ನು ನೋಡಿಕೊಂಡಿದ್ದ: ಪೂರ್ವಕ್ಕೆ 2 ಡಿಗ್ರಿ 20 ಮಿನಿಟು. ಒಂದು ಡಿಗ್ರಿಗೆ ನಾಲ್ಕು ನಿಮಿಷ ಎಂಬ ನಾನೇ ಹೇಳಿಕೊಟ್ಟ ಲೆಕ್ಕದಲ್ಲಿ ಗುಣಿಸಿ, "12 ಗಂಟೆ 9 ನಿಮಿಷ 20 ಸೆಕೆಂಡು" ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆ. "ಸಾರ್, ರೇಖಾಂಶ ಎರಡೇ ಡಿಗ್ರಿ ಇದೆಯಲ್ಲ?" ಎಂದು ಎದ್ದುನಿಂತು ಕೇಳಿದ. "ಭೂಪಟ ಬೇರೆ, ಗಡಿಯಾರ ಬೇರೆ. ಕೂತುಕೋ" ಎಂದೆ. ಅವನು ಕುಳಿತ. ನನ್ನ ಬಳಿ ಅದಕ್ಕಿಂತ ಹೆಚ್ಚಿನ ಉತ್ತರ ಇರಲಿಲ್ಲ ಎಂಬುದು ಅವನಿಗೂ ತಿಳಿಯಿತು, ನನಗೂ ತಿಳಿದಿತ್ತು.

ಇಂದು ಬಿಡುವಿದೆ, ಪುಸ್ತಕಗಳಿವೆ. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಎರಡು ಊರುಗಳ ನಡುವಿನ ದೂರ ಮತ್ತು ಪ್ರಯಾಣದ ಹೊತ್ತು ಕೇವಲ ಎರಡು ಅಂಕಿಗಳಂತೆ ತೋರುತ್ತವೆ. ಅವುಗಳ ಹಿಂದೆ ಇನ್ನೂರ ನಲವತ್ತು ವರ್ಷಗಳ ಚರಿತ್ರೆಯಿದೆ.

ಮೊದಲು ದೂರದ ಮಾತು. ಲಂಡನ್ನಿನಿಂದ ಪ್ಯಾರಿಸ್ಸಿಗೆ ನೇರವಾಗಿ ಅಳೆದರೆ ಸುಮಾರು 344 ಕಿಲೋಮೀಟರು. ರೈಲುಮಾರ್ಗ 492 ಕಿಲೋಮೀಟರು. ನಡುವೆ ಇಂಗ್ಲಿಷ್ ಕಡಲ್ಗಾಲುವೆ; ಡೋವರ್ ಜಲಸಂಧಿಯ ಅತಿ ಕಿರಿದಾದ ಭಾಗದಲ್ಲಿ ಅದರ ಅಗಲ ಸುಮಾರು 33 ಕಿಲೋಮೀಟರು ಮಾತ್ರ. ಈ ಅಂಕಿಗಳು ಇಂದು ಕ್ಷಣಮಾತ್ರದಲ್ಲಿ ದೊರೆಯುತ್ತವೆ. ಆದರೆ ಹದಿನೆಂಟನೆಯ ಶತಮಾನದ ಕೊನೆಯವರೆಗೂ ಈ ಎರಡು ರಾಜಧಾನಿಗಳು ಪರಸ್ಪರ ಎಲ್ಲಿವೆ ಎಂಬುದೇ ವಿದ್ವಾಂಸರ ನಡುವೆ ವಿವಾದದ ವಿಷಯವಾಗಿತ್ತು.

1783ರಲ್ಲಿ ಫ್ರಾನ್ಸಿನ ಖಗೋಳಶಾಸ್ತ್ರಜ್ಞ ಕ್ಯಾಸಿನಿ ದ ತುರಿ ಬ್ರಿಟಿಷ್ ಸರ್ಕಾರಕ್ಕೆ ಒಂದು ಮನವಿ ಕಳುಹಿಸಿದನು. ಗ್ರೀನಿಚ್ ವೀಕ್ಷಣಾಲಯದ ಅಕ್ಷಾಂಶ ರೇಖಾಂಶಗಳು ಖಚಿತವಾಗಿಲ್ಲ. ಎರಡೂ ದೇಶಗಳು ಸೇರಿ ಗ್ರೀನಿಚ್‌ನಿಂದ ಪ್ಯಾರಿಸ್ಸಿನವರೆಗೆ ತ್ರಿಕೋನ ಮೋಜಣಿ ಮಾಡೋಣ ಎಂಬುದು ಅದರ ಸಾರಾಂಶ. ಗ್ರೀನಿಚ್‌ನವರಿಗೆ ಇದು ಮೂದಲಿಕೆಯಂತೆ ಕೇಳಿಸಿದ್ದು ಸಹಜ. ಆದರೂ ದೊರೆ ಮೂರನೆಯ ಜಾರ್ಜ್ ಹಣ ಒದಗಿಸಿದನು. ಕೆಲಸ ವಿಲಿಯಂ ರಾಯ್ ಎಂಬ ಸೇನಾಧಿಕಾರಿಯ ಪಾಲಿಗೆ ಬಂದಿತು. ಅಮೆರಿಕದ ಯುದ್ಧದಲ್ಲಿ ಎದುರುಬದುರಾಗಿ ಹೋರಾಡಿ ಆಗತಾನೆ ಶಾಂತಿ ಒಪ್ಪಂದ ಮಾಡಿಕೊಂಡಿದ್ದ ಎರಡು ದೇಶಗಳು ಇವು ಎಂಬುದನ್ನು ಮರೆಯಬಾರದು.

ರಾಯ್ 1784ರಲ್ಲಿ ಲಂಡನ್ನಿನ ಪಶ್ಚಿಮಕ್ಕಿದ್ದ ಹೌನ್ಸ್ಲೋ ಹೀತ್ ಎಂಬ ಬಯಲಿನಲ್ಲಿ ಆಧಾರರೇಖೆಯೊಂದನ್ನು ಅಳೆದನು. ಮೊದಲು ಮರದ ಕೋಲುಗಳಿಂದ ಅಳೆಯತೊಡಗಿದರು. ಗಾಳಿಯ ತೇವಕ್ಕೆ ಮರ ಹಿಗ್ಗಿ ಕುಗ್ಗಿ ಲೆಕ್ಕ ತಪ್ಪುತ್ತಿತ್ತು. ಕೊನೆಗೆ ಇಪ್ಪತ್ತು ಅಡಿ ಉದ್ದದ ಗಾಜಿನ ಕೊಳವೆಗಳನ್ನು ಒಂದರ ಮುಂದೊಂದು ಇಟ್ಟು ಅಳೆದರು. ಬಂದ ಉದ್ದ 27,404 ಅಡಿ, ಅಂದರೆ ಐದು ಮೈಲಿಗೆ ಸ್ವಲ್ಪ ಹೆಚ್ಚು. 1791ರಲ್ಲಿ ಆ ರೇಖೆಯ ಎರಡು ತುದಿಗಳಲ್ಲಿ ಗುರುತಿಗಾಗಿ ತೋಪುಗಳನ್ನು ಹೂಳಲಾಯಿತು. 1787ರಲ್ಲಿ ಫ್ರೆಂಚ್ ವಿದ್ವಾಂಸರಾದ ಕ್ಯಾಸಿನಿಯ ಮಗ, ಮೆಷೇನ್ ಮತ್ತು ಲೆಜಾಂಡ್ರ್ ಡೋವರಿಗೆ ಬಂದು ರಾಯ್‌ನನ್ನು ಕಂಡರು. ಕಡಲ್ಗಾಲುವೆಯ ಎರಡೂ ದಡಗಳಲ್ಲಿ ದೀಪಗಳನ್ನು ಉರಿಸಿ, ಒಬ್ಬರ ದೀಪವನ್ನು ಇನ್ನೊಬ್ಬರು ಉಪಕರಣದಲ್ಲಿ ನೋಡಿ ಕೋನಗಳನ್ನು ಗುರುತಿಸಿಕೊಂಡರು. ಹೀಗೆ ಗ್ರೀನಿಚ್ ಮತ್ತು ಪ್ಯಾರಿಸ್ ವೀಕ್ಷಣಾಲಯಗಳು ಒಂದೇ ಲೆಕ್ಕದೊಳಗೆ ಬಂದವು. ಎರಡರ ನಡುವಿನ ರೇಖಾಂಶದ ಅಂತರ, ಇಂದಿನ ಖಚಿತ ಲೆಕ್ಕದಲ್ಲಿ, 2 ಡಿಗ್ರಿ 20 ಮಿನಿಟು 14 ಸೆಕೆಂಡು. ಕಾಲಕ್ಕೆ ಪರಿವರ್ತಿಸಿದರೆ 9 ನಿಮಿಷ 21 ಸೆಕೆಂಡು. ಈ ಅಂಕಿಯನ್ನು ದಯವಿಟ್ಟು ನೆನಪಿನಲ್ಲಿಡಿ. ಹಿಂದಿನ ಬೆಂಚಿನ ಹುಡುಗ ಒಂದು ಸೆಕೆಂಡಿನಷ್ಟು ಮಾತ್ರ ಹಿಂದಿದ್ದ.

ಈ ಮೋಜಣಿಗೂ ನಮಗೂ ಒಂದು ನಂಟಿದೆ. ರಾಯ್‌ನ ಬರಹಗಳನ್ನು ಓದಿ ಆ ವಿದ್ಯೆಯಲ್ಲಿ ಆಸಕ್ತಿ ಬೆಳೆಸಿಕೊಂಡ ವಿಲಿಯಂ ಲ್ಯಾಂಬ್ಟನ್, ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಬೆಂಗಳೂರಿನ ಬಳಿ ಇಂಥದೇ ಒಂದು ಆಧಾರರೇಖೆಯನ್ನು ಅಳೆದನು. ಮುಂದೆ ಹಿಮಾಲಯದವರೆಗೆ ಬೆಳೆದ ಭಾರತದ ಮಹಾ ತ್ರಿಕೋನ ಮೋಜಣಿಗೆ ಅದು ಪೂರ್ವಾಭ್ಯಾಸ.

ಇನ್ನು ಹಾರಾಟದ ಹೊತ್ತು. ರಾಯ್ ತನ್ನ ಕೋನಗಳನ್ನು ಅಳೆಯುವುದಕ್ಕೂ ಮೊದಲೇ, 1785ರ ಜನವರಿ 7ರಂದು, ಬ್ಲಾಂಷಾರ್ ಎಂಬ ಫ್ರೆಂಚನೂ ಜೆಫ್ರೀಸ್ ಎಂಬ ಅಮೆರಿಕದ ವೈದ್ಯನೂ ಡೋವರಿನಿಂದ ಬಲೂನಿನಲ್ಲಿ ಮೇಲೇರಿದರು. ನಡುದಾರಿಯಲ್ಲಿ ಬಲೂನು ಕೆಳಗಿಳಿಯತೊಡಗಿದಾಗ ಭಾರ ಇಳಿಸಲು ಸಾಮಾನುಗಳನ್ನೆಲ್ಲ ಸಮುದ್ರಕ್ಕೆ ಎಸೆದರು. ಕೊನೆಗೆ ಮೈಮೇಲಿನ ಉಡುಪುಗಳನ್ನೂ ಕಳಚಿ ಎಸೆದರು. ಸುಮಾರು ಎರಡೂವರೆ ಗಂಟೆಯ ಬಳಿಕ ಫ್ರಾನ್ಸಿನ ಕಾಡೊಂದರಲ್ಲಿ, ಜನವರಿಯ ಚಳಿಯಲ್ಲಿ ಇಳಿದರು. ಅದೇ ಕಡಲ್ಗಾಲುವೆಯನ್ನು ಲೂಯಿ ಬ್ಲೇರಿಯೊ 1909ರ ಜುಲೈ 25ರಂದು ತನ್ನ ಪುಟ್ಟ ವಿಮಾನದಲ್ಲಿ ಸುಮಾರು 37 ನಿಮಿಷಗಳಲ್ಲಿ ದಾಟಿದನು.

ಹತ್ತು ವರ್ಷಗಳ ಬಳಿಕ, 1919ರ ಆಗಸ್ಟ್ 25ರಂದು, ಲಂಡನ್ನಿನಿಂದ ಪ್ಯಾರಿಸ್ಸಿಗೆ ದಿನವಹಿ ವಿಮಾನ ಸಂಚಾರ ಆರಂಭವಾಯಿತು. ಮೊದಲ ಮಹಾಯುದ್ಧ ಮುಗಿದು ಆಗಿದ್ದುದು ಒಂಬತ್ತೇ ತಿಂಗಳು. ಹಾರಿದ್ದು ಬಾಂಬು ಹಾಕಲು ಕಟ್ಟಿದ್ದ ಮಾದರಿಯ ವಿಮಾನ. ಹಿಂಬದಿಯಲ್ಲಿ ಇಬ್ಬರು ಕೂರುವಂತೆ ಅದಕ್ಕೊಂದು ಮುಚ್ಚಿಗೆ ಹೊಂದಿಸಿದ್ದರು. ಅಂದು ಬೆಳಿಗ್ಗೆ ಅದರಲ್ಲಿ ಹೋದ ಪ್ರಯಾಣಿಕ ಒಬ್ಬನೇ, ಒಬ್ಬ ಪತ್ರಕರ್ತ. ಅವನ ಜೊತೆಗೆ ವೃತ್ತಪತ್ರಿಕೆಗಳು, ಒಂದಿಷ್ಟು ಚರ್ಮ, ಬೇಟೆಯ ಹಕ್ಕಿಗಳು ಮತ್ತು ಕೆಲವು ಭರಣಿ ಕೆನೆ. ಬಾಡಿಗೆ 21 ಪೌಂಡು; ಸಾಮಾನ್ಯ ಗುಮಾಸ್ತನೊಬ್ಬನ ಕೈಗೆ ಎಟುಕದ ಮೊತ್ತ. ಪ್ರಯಾಣದ ಹೊತ್ತು ಎರಡೂವರೆ ಗಂಟೆ. ಬ್ಲಾಂಷಾರ್ ಕಡಲ್ಗಾಲುವೆಯೊಂದನ್ನು ದಾಟಲು ತೆಗೆದುಕೊಂಡಷ್ಟು ಹೊತ್ತಿನಲ್ಲಿ ಈಗ ಒಂದು ರಾಜಧಾನಿಯಿಂದ ಇನ್ನೊಂದು ರಾಜಧಾನಿ!

ಆ ವಿಮಾನ ಹೊರಟದ್ದು ಎಲ್ಲಿಂದ ಬಲ್ಲಿರಾ? ಅದೇ ಹೌನ್ಸ್ಲೋ ಹೀತ್‌ನಿಂದ. ರಾಯ್ ಗಾಜಿನ ಕೊಳವೆಗಳನ್ನು ಇಟ್ಟು ಪ್ಯಾರಿಸ್ಸಿನ ದೂರವನ್ನು ಅಳೆಯತೊಡಗಿದ ಬಯಲಿನಿಂದಲೇ 135 ವರ್ಷಗಳ ಬಳಿಕ ಜನ ಪ್ಯಾರಿಸ್ಸಿಗೆ ಹಾರಿದರು. ಅವನ ರೇಖೆಯ ಒಂದು ತುದಿಯನ್ನು ಗುರುತಿಸುವ ತೋಪು ಇಂದಿನ ಹೀಥ್ರೂ ವಿಮಾನ ನಿಲ್ದಾಣದ ಅಂಚಿನಲ್ಲಿದೆ. ಸಮತಟ್ಟಾದ ಬಯಲು ಅಳೆಯುವವನಿಗೂ ಬೇಕು, ಹಾರುವವನಿಗೂ ಬೇಕು. ಇದನ್ನು ಕೇವಲ ಕಾಕತಾಳೀಯ ಎನ್ನಲಾಗದು.

ಅಂದಿನ ಚಾಲಕರಿಗೆ ದಾರಿ ತೋರಿಸಲು ಆಕಾಶದಲ್ಲಿ ಏನೂ ಇರಲಿಲ್ಲ. ಕೆಳಗಿನ ರಸ್ತೆಗಳನ್ನೂ ರೈಲುಹಳಿಗಳನ್ನೂ ಗುರುತು ಹಿಡಿದು ಹಾರುತ್ತಿದ್ದರು. 1922ರ ಏಪ್ರಿಲ್ 7ರಂದು ಮಂಜು ಕವಿದಿತ್ತು. ಪ್ಯಾರಿಸ್ಸಿನಿಂದ ಬರುತ್ತಿದ್ದ ವಿಮಾನವೊಂದೂ ಲಂಡನ್ನಿನಿಂದ ಹೋಗುತ್ತಿದ್ದ ವಿಮಾನವೊಂದೂ ಒಂದೇ ರಸ್ತೆಯನ್ನು ಅನುಸರಿಸುತ್ತ ಉತ್ತರ ಫ್ರಾನ್ಸಿನ ಹಳ್ಳಿಯೊಂದರ ಮೇಲೆ ಎದುರುಬದುರಾಗಿ ಡಿಕ್ಕಿ ಹೊಡೆದವು. ಏಳು ಮಂದಿ ಸತ್ತರು. ಪ್ರಯಾಣಿಕ ವಿಮಾನಗಳೆರಡು ಆಕಾಶದಲ್ಲಿ ಡಿಕ್ಕಿಯಾದದ್ದು ಅದೇ ಮೊದಲು. ಆಕಾಶದಲ್ಲೂ ಎಡ ಬಲಗಳ ನಿಯಮ ಬೇಕು ಎಂಬುದನ್ನು ಲೋಕ ಈ ದಾರಿಯಲ್ಲಿಯೇ ಕಲಿತಿತು.

1931ರಲ್ಲಿ ಈ ಮಾರ್ಗಕ್ಕೆ ಬಂದ ನಾಲ್ಕು ಎಂಜಿನುಗಳ ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 160 ಕಿಲೋಮೀಟರು. ಕುರ್ಚಿ, ಊಟ, ಉಪಚಾರ ಸುಧಾರಿಸಿದರೂ ಹೊತ್ತು ಹೆಚ್ಚೇನೂ ಇಳಿಯಲಿಲ್ಲ. 1950ರ ಜುಲೈ 29ರಂದು ಟರ್ಬೊಪ್ರಾಪ್ ಎಂಜಿನಿನ ವೈಕೌಂಟ್ ವಿಮಾನ ಪ್ರಯಾಣಿಕರನ್ನು ಹೊತ್ತು ಲಂಡನ್ನಿನಿಂದ ಪ್ಯಾರಿಸ್ಸಿಗೆ ಹಾರಿತು. ಅಂಥ ಎಂಜಿನಿನ ಪ್ರಯಾಣಿಕ ಸೇವೆ ಪ್ರಪಂಚದಲ್ಲಿ ಅದೇ ಮೊದಲು. ತೆಗೆದುಕೊಂಡದ್ದು ಒಂದು ಗಂಟೆಗೂ ಕಡಿಮೆ. ಇಂದು ಜೆಟ್ ವಿಮಾನಗಳು ಆಕಾಶದಲ್ಲಿ ಇರುವುದೂ ಒಂದು ಗಂಟೆಗೆ ಕಡಿಮೆಯೇ. ಆದರೆ ವೇಳಾಪಟ್ಟಿಯಲ್ಲಿ ಒಂದೂಕಾಲು ಗಂಟೆ ಎಂದಿರುತ್ತದೆ. ಎಪ್ಪತ್ತೈದು ವರ್ಷಗಳಲ್ಲಿ ಹೊತ್ತು ಏಕೆ ಇಳಿಯಲಿಲ್ಲ? ಇಷ್ಟು ಹತ್ತಿರದ ಊರಿಗೆ ವಿಮಾನ ಮೇಲೇರುವುದರೊಳಗೇ ಕೆಳಗಿಳಿಯುವ ಸಿದ್ಧತೆ ನಡೆಯಬೇಕು. ಪೂರ್ಣ ವೇಗಕ್ಕೆ ಅವಕಾಶವೇ ಇಲ್ಲ. ನೆಲದ ಮೇಲೆ ಉರುಳುವುದಕ್ಕೆ, ಸರದಿಗೆ ಕಾಯುವುದಕ್ಕೆ, ಇಳಿಯಲು ಅಪ್ಪಣೆ ಸಿಗುವವರೆಗೆ ಸುತ್ತುವುದಕ್ಕೆ ಉಳಿದ ಹೊತ್ತು ಹೋಗುತ್ತದೆ. ಮನೆಯಿಂದ ನಿಲ್ದಾಣಕ್ಕೆ ಹೋಗಿ, ತಪಾಸಣೆ ಮುಗಿಸಿ, ಆ ಕಡೆಯ ನಿಲ್ದಾಣದಿಂದ ಊರೊಳಗೆ ಬರುವ ಹೊತ್ತು ಯಾವ ಟಿಕೆಟ್ಟಿನಲ್ಲೂ ಅಚ್ಚಾಗಿರುವುದಿಲ್ಲ.

ಅದಕ್ಕೆಂದೇ ಕೊನೆಗೆ ವಿಮಾನಕ್ಕೆ ಸರಿಸಮನಾಗಿ ನಿಂತದ್ದು ರೈಲು. 1929ರಲ್ಲಿ ರೈಲು, ಹಡಗು, ಮತ್ತೆ ರೈಲು ಎಂದು ಬದಲಿಸಿಕೊಂಡು ಹೋಗುವವರಿಗೆ ಸುಮಾರು ಆರೂವರೆ ಗಂಟೆ ಬೇಕಾಗುತ್ತಿತ್ತು. ಕಡಲಡಿಯ ಸುರಂಗದ ಯೋಚನೆ ಹೊಸದಲ್ಲ. 1880ರ ದಶಕದ ಆರಂಭದಲ್ಲಿಯೇ ಎರಡೂ ದಡಗಳಿಂದ ಒಂದೊಂದು ಮೈಲಿಯಷ್ಟು ಕೊರೆದೂ ಇದ್ದರು. ಸುರಂಗದ ಮೂಲಕ ಫ್ರೆಂಚರ ಸೈನ್ಯ ನುಗ್ಗಬಹುದೆಂಬ ಭಯದಿಂದ ಬ್ರಿಟನ್ ಅದನ್ನು ನಿಲ್ಲಿಸಿತು. ಹೀಗೆ ಭಯವೊಂದು ಎರಡು ನಗರಗಳನ್ನು ನೂರಕ್ಕೂ ಹೆಚ್ಚು ವರ್ಷ ದೂರವಿಟ್ಟಿತು. ಕಡೆಗೆ 1994ರ ಮೇ 6ರಂದು ಎಲಿಜಬೆತ್ ರಾಣಿಯೂ ಅಧ್ಯಕ್ಷ ಮಿತ್ತರಾನರೂ ಸೇರಿ ಸುರಂಗವನ್ನು ಉದ್ಘಾಟಿಸಿದರು. ಉದ್ದ ಸುಮಾರು 50 ಕಿಲೋಮೀಟರು. ಅದರಲ್ಲಿ 38 ಕಿಲೋಮೀಟರು ಕಡಲಿನ ಅಡಿಯಲ್ಲಿ. ಅದೇ ವರ್ಷ ನವೆಂಬರ್ 14ರಂದು ಆರಂಭವಾದ ಯೂರೋಸ್ಟಾರ್ ರೈಲು ಮೂರು ಗಂಟೆ ತೆಗೆದುಕೊಳ್ಳುತ್ತಿತ್ತು. 2007ರ ನವೆಂಬರಿನಲ್ಲಿ ಇಂಗ್ಲೆಂಡಿನ ಕಡೆಯ ವೇಗದ ಹಳಿ ಪೂರ್ಣಗೊಂಡಾಗ ಅದು ಎರಡೂಕಾಲು ಗಂಟೆಗೆ ಇಳಿಯಿತು, ಅದೂ ನಗರದ ನಡುವಿನಿಂದ ನಗರದ ನಡುವಿಗೆ. ಆದರೆ 2020ರಲ್ಲಿ ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟ ಮೇಲೆ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತಪಾಸಣೆಯ ಸಾಲು ಉದ್ದವಾಯಿತು. ರೈಲಿನ ವೇಗ ಮೊದಲಿನಷ್ಟೇ ಇದೆ. ಪ್ರಯಾಣದ ಹೊತ್ತು ಮಾತ್ರ ಮತ್ತೆ ಬೆಳೆದಿದೆ.

ಈಗ ಉಳಿದದ್ದು ಮಗುವಿನ 'ಯಾಕೆ'; ಆ ಹುಡುಗನ ಒಂಬತ್ತು ನಿಮಿಷ.

1884ರ ಅಕ್ಟೋಬರಿನಲ್ಲಿ 25 ರಾಷ್ಟ್ರಗಳ ಪ್ರತಿನಿಧಿಗಳು ವಾಷಿಂಗ್ಟನ್ನಿನಲ್ಲಿ ಸೇರಿ, ಸೊನ್ನೆ ಡಿಗ್ರಿ ರೇಖಾಂಶ ಗ್ರೀನಿಚ್ ಮೂಲಕ ಹಾದುಹೋಗಬೇಕೆಂದು ತೀರ್ಮಾನಿಸಿದರು. ಪರವಾಗಿ 22 ಮತ, ವಿರುದ್ಧ ಒಂದು. ಫ್ರಾನ್ಸ್ ಮತ್ತು ಬ್ರೆಜಿಲ್ ತಟಸ್ಥವಾಗಿ ಉಳಿದವು. ತನ್ನ ರೇಖೆಯನ್ನು ಬಿಟ್ಟು ಇಂಗ್ಲಿಷರ ರೇಖೆಯನ್ನು ಒಪ್ಪುವುದು ಫ್ರಾನ್ಸಿಗೆ ಮಾನದ ಪ್ರಶ್ನೆಯಾಗಿತ್ತು. 1891ರಲ್ಲಿ ಅದು ಪ್ಯಾರಿಸ್ಸಿನ ಸೂರ್ಯನ ಕಾಲವನ್ನೇ ಇಡೀ ದೇಶದ ಕಾಲವನ್ನಾಗಿ ಶಾಸನ ಮಾಡಿತು. ಆ ದಿನಗಳಲ್ಲಿ ಫ್ರೆಂಚ್ ರೈಲುನಿಲ್ದಾಣಗಳ ಒಳಗಿನ ಗಡಿಯಾರಗಳನ್ನು ಬೇಕೆಂದೇ ಐದು ನಿಮಿಷ ಹಿಂದೆ ಇಡುತ್ತಿದ್ದರು. ಓಡಿಬರುವ ಪ್ರಯಾಣಿಕನಿಗೆ ರೈಲು ತಪ್ಪದಿರಲಿ ಎಂಬ ಕರುಣೆ! ಅಂದು ಲಂಡನ್ನಿನಲ್ಲಿ ಮಧ್ಯಾಹ್ನ 12 ಗಂಟೆಯಾದಾಗ ಪ್ಯಾರಿಸ್ಸಿನಲ್ಲಿ ಕಾನೂನಿನ ಪ್ರಕಾರ 12 ಗಂಟೆ 9 ನಿಮಿಷ 21 ಸೆಕೆಂಡು.

1911ರಲ್ಲಿ ಫ್ರಾನ್ಸ್ ಕೊನೆಗೂ ಬಾಗಿತು. ಆದರೆ ಬಾಗಿದ ಬಗೆ ನೋಡಿ. ಫ್ರಾನ್ಸಿನ ಕಾಲವೆಂದರೆ 'ಪ್ಯಾರಿಸ್ಸಿನ ಕಾಲದಿಂದ 9 ನಿಮಿಷ 21 ಸೆಕೆಂಡು ಹಿಂದಿನ ಕಾಲ' ಎಂಬ ಅರ್ಥದಲ್ಲಿ ಶಾಸನ ಬರೆದರು. ಅದು ಗ್ರೀನಿಚ್ ಕಾಲವೇ. ಗ್ರೀನಿಚ್ ಎಂಬ ಹೆಸರೊಂದೇ ಅದರಲ್ಲಿಲ್ಲ! ಅಂದಿನಿಂದ ಎರಡು ರಾಜಧಾನಿಗಳ ಗಡಿಯಾರಗಳು ಒಂದಾದವು. 1919ರ ಆ ಮೊದಲ ವಿಮಾನದ ಪ್ರಯಾಣಿಕನಿಗೆ ನಮ್ಮ ಮಗುವಿನ ಗೊಂದಲ ಇರಲಿಲ್ಲ.

ಹಾಗಾದರೆ ಒಂದು ಗಂಟೆಯ ಅಂತರ ಬಂದದ್ದು ಎಲ್ಲಿಂದ? 1940ರ ಜೂನ್ 14ರಂದು ಹಿಟ್ಲರನ ಸೈನ್ಯ ಪ್ಯಾರಿಸ್ಸನ್ನು ಪ್ರವೇಶಿಸಿತು. ಅಂದೇ ರಾತ್ರಿ ನಗರದ ಗಡಿಯಾರಗಳನ್ನು ಬರ್ಲಿನ್ ಕಾಲಕ್ಕೆ ಸರಿಯಾಗಿ ಒಂದು ಗಂಟೆ ಮುಂದಕ್ಕೆ ತಿರುಗಿಸಲಾಯಿತು. ಗೆದ್ದವನು ಸೋತವನ ಸೂರ್ಯನನ್ನೂ ಸರಿಸಿದನು. ಆಕ್ರಮಣಕ್ಕೆ ಒಳಗಾಗದ ದಕ್ಷಿಣ ಭಾಗದಲ್ಲಿ ಬೇರೆ ಕಾಲ ಉಳಿದುಕೊಂಡಿತು. ಒಂದೇ ದೇಶದೊಳಗೆ ಎರಡು ಕಾಲಗಳಿಂದ ರೈಲುಗಳ ಸಂಚಾರಕ್ಕೆ ತೊಡಕಾಗಿ, 1941ರಲ್ಲಿ ಆ ಭಾಗವೂ ಜರ್ಮನ್ ಕಾಲಕ್ಕೆ ಬಂದಿತು. 1944ರ ಆಗಸ್ಟಿನಲ್ಲಿ ಪ್ಯಾರಿಸ್ ಬಿಡುಗಡೆಯಾಯಿತು. ಹಳೆಯ ಕಾಲಕ್ಕೆ ಮರಳುವ ಆದೇಶವೂ 1945ರಲ್ಲಿ ಹೊರಟಿತು. ಆದರೆ ಜಾರಿಗೆ ಬರುವ ಮೊದಲೇ ರದ್ದಾಯಿತು. ಸೈನ್ಯ ಹೋಯಿತು, ಧ್ವಜ ಹೋಯಿತು, ಬೀದಿಗಳ ಜರ್ಮನ್ ಫಲಕಗಳು ಹೋದವು. ಗಡಿಯಾರ ಮಾತ್ರ ಇಂದಿಗೂ ಬರ್ಲಿನ್ನಿನ ಜೊತೆಗೇ ನಡೆಯುತ್ತಿದೆ. ಬೇಸಿಗೆಯಲ್ಲಿ ಪ್ಯಾರಿಸ್ಸಿನ ಸೂರ್ಯ ತನ್ನ ಅತಿ ಎತ್ತರದ ಸ್ಥಾನಕ್ಕೆ ಬರುವ ಹೊತ್ತಿಗೆ ಗಡಿಯಾರದಲ್ಲಿ ಮಧ್ಯಾಹ್ನ ಎರಡಕ್ಕೆ ಕೆಲವೇ ನಿಮಿಷಗಳು ಬಾಕಿ ಇರುತ್ತವೆ.

ಇನ್ನೂ ಒಂದು ಸ್ವಾರಸ್ಯ. 1968ರಿಂದ 1971ರವರೆಗೆ ಬ್ರಿಟನ್ ಪ್ರಯೋಗಕ್ಕೆಂದು ವರ್ಷವಿಡೀ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಿತ್ತು. ಆ ಮೂರು ವರ್ಷ ಲಂಡನ್ ಪ್ಯಾರಿಸ್‌ಗಳಿಗೆ ಮತ್ತೆ ಒಂದೇ ಕಾಲ. ಅದೇ ಎರಡು ಊರು, ಅದೇ ಸೂರ್ಯ, ಅದೇ 344 ಕಿಲೋಮೀಟರು. ಆದರೂ 1900ರಲ್ಲಿ ಕಾಲದ ಅಂತರ ಒಂಬತ್ತು ನಿಮಿಷ, 1920ರಲ್ಲಿ ಮತ್ತು 1970ರಲ್ಲಿ ಸೊನ್ನೆ, ಇಂದು ಒಂದು ಗಂಟೆ. ನಾನು ಕಿರುಪರೀಕ್ಷೆಯಲ್ಲಿ ಕೇಳಿದ ಪ್ರಶ್ನೆಗೆ "ಯಾವ ವರ್ಷದಲ್ಲಿ ಸಾರ್?" ಎಂದು ಮರುಪ್ರಶ್ನೆ ಹಾಕುವುದೇ ಪೂರ್ಣಾಂಕದ ಉತ್ತರವಾಗಿತ್ತು.

"ಭೂಪಟ ಬೇರೆ, ಗಡಿಯಾರ ಬೇರೆ" ಎಂದು ನಾನು ಹೇಳಿದ್ದು ಸುಳ್ಳಲ್ಲ. ಆದರೆ ಪಾಠ ಆರಂಭವಾಗಬೇಕಾಗಿದ್ದ ಕಡೆ ನಾನು ಪಾಠ ಮುಗಿಸಿದೆ. ಎರಡು ಊರುಗಳ ದೂರವನ್ನು ಭೂಮಿ ನಿರ್ಧರಿಸುತ್ತದೆ. ಆ ದೂರಕ್ಕೆ ತಗಲುವ ಹೊತ್ತನ್ನು ಯಂತ್ರ, ಹಣ, ಭಯ, ಸ್ನೇಹ, ಸರ್ಕಾರದ ಸಹಿ ಇವೆಲ್ಲ ಸೇರಿ ನಿರ್ಧರಿಸುತ್ತವೆ. ಗಡಿಯಾರದ ಮುಳ್ಳನ್ನು ಒಮ್ಮೊಮ್ಮೆ ಸೈನ್ಯವೂ ತಿರುಗಿಸುತ್ತದೆ. ಹುಡುಗ ಭೂಮಿಯನ್ನು ಕೇಳಿ ಉತ್ತರ ಬರೆದಿದ್ದ. ನಾನು ಚರಿತ್ರೆಯ ಉತ್ತರವನ್ನು ಕೇಳುತ್ತಿದ್ದೆ, ಚರಿತ್ರೆಯನ್ನು ಹೇಳಿಕೊಡದೆಯೇ.

ಅಣ್ಣನ ಮಗಳ ಮಗನಿಗೆ ಈ ಕಥೆಯನ್ನು ಕಳೆದ ಭಾನುವಾರ ಫೋನಿನಲ್ಲಿ ಹೇಳಿದೆ. ಕೇಳಿ ಮುಗಿಸಿ, "ಹಾಗಾದರೆ ನಾವು ಬರುವಾಗ ಉಳಿಯುವ ಒಂದು ಗಂಟೆ ಹಿಟ್ಲರನದು, ಅಲ್ಲವೇ ತಾತ?" ಎಂದ. ಏನು ಹೇಳಬೇಕೋ ತೋಚಲಿಲ್ಲ. ಈ ಬಾರಿ "ಕೂತುಕೋ" ಎನ್ನಲಿಲ್ಲ.

ಆ ಹಿಂದಿನ ಬೆಂಚಿನ ವಿದ್ಯಾರ್ಥಿ ಎಲ್ಲಿದ್ದಾನೋ ತಿಳಿಯದು. ಈಗ ಅವನಿಗೂ ನಲವತ್ತು ದಾಟಿರಬೇಕು. ಈ ಬರಹ ಅವನ ಕಣ್ಣಿಗೆ ಬಿದ್ದರೆ: ಮಗು, ನಿನ್ನ ಉತ್ತರಪತ್ರಿಕೆಯನ್ನು ಇಂದು ಮತ್ತೊಮ್ಮೆ ತಿದ್ದಿದ್ದೇನೆ. ಒಂದು ಸೆಕೆಂಡು ಕಡಿಮೆ ಬಿದ್ದದ್ದು ನಿನ್ನ ತಪ್ಪಲ್ಲ, ಅಟ್ಲಾಸಿನದು. ಎರಡಕ್ಕೆ ಎರಡು ಅಂಕ. ತಡವಾದದ್ದಕ್ಕೆ ಕ್ಷಮಿಸು.

ನಿಮ್ಮ ಮೇಷ್ಟ್ರು